ಹಾಟ್‌ಬಾಕ್ಸಿನ ಮುಚ್ಚಳ

ಪುಣೆಯ ಭೋಸರಿಯಲ್ಲಿ, ಕಾರ್ಖಾನೆಗಳ ಸಾಲಿನ ನಡುವೆ ಸುಖೇಶ ಶೆಟ್ಟಿಯದೊಂದು ಹೋಟೆಲಿದೆ. ಹೊರಗಿನ ಫಲಕದಲ್ಲಿ ಹೋಟೆಲಿನ ಹೆಸರಿಗಿಂತ ‘ಶುದ್ಧ ಶಾಕಾಹಾರಿ’ ಎಂಬುದೇ ದಪ್ಪಕ್ಷರದಲ್ಲಿದೆ. ಪಾಳಿ ಮುಗಿಸಿದವರು, ಪಾಳಿಗೆ ಹೋಗುವವರು, ಯಾವ ಪಾಳಿಯೂ ಇಲ್ಲದೆ ಸುಮ್ಮನೆ ಸುತ್ತುವವರು, ಎಲ್ಲರೂ ಅಲ್ಲಿಗೆ ಬರುವುದು ಕಾಫಿಗೆ. ಚಹಾದ ಊರಿನಲ್ಲಿ ಕಾಫಿ ಮಾರಿ ಬದುಕಿದವನು ಸಾಮಾನ್ಯನಲ್ಲ ಎಂದು ಸುಖೇಶ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಾನೆ. ಆ ಕಾಫಿ ಮಾಡುವುದು ಅಡುಗೆಯ ಶ್ಯಾಮ ಎಂಬುದನ್ನು ಮಾತ್ರ ಹೇಳುವುದಿಲ್ಲ. ಕುಡಿದವರು ಹೊಗಳುವುದು ದುಡ್ಡು ಕೊಡುವಾಗ, ಮತ್ತು ಗಲ್ಲಾದಲ್ಲಿ ಕೂತಿರುವವನು ಸುಖೇಶ.

ಈ ಸುಖೇಶ ತನ್ನ ಕೈಯಾರೆ ಮಾಡುವ ಕಾಫಿ ದಿನಕ್ಕೆ ಒಂದೇ ಒಂದು ಲೋಟ. ಹೋಟೆಲಿನ ಮೇಲೆಯೇ ಅವನ ಮನೆ. ಬೆಳಗಾದರೆ ಕೆಳಗೆ ಶ್ಯಾಮ ದೊಡ್ಡ ಪಾತ್ರೆಯಲ್ಲಿ ಹಾಲು ಕಾಯಿಸುತ್ತಿರುತ್ತಾನೆ. ಮೇಲೆ ಮಾಲೀಕ ಸಣ್ಣ ಪಾತ್ರೆಯಲ್ಲಿ ಹಾಲು ಉಕ್ಕಿಸಿ ಒಲೆ ಒರೆಸುತ್ತಿರುತ್ತಾನೆ. ಆ ಲೋಟ ಅವನ ಹೆಂಡತಿ ಚಿತ್ರಾಗೆ. ಅವಳು ಹಾಸಿಗೆಯಲ್ಲಿ ಎದ್ದು ಕೂತು ಕುಡಿಯುತ್ತಾಳೆ, ಏನೂ ಹೇಳದೆ ಖಾಲಿ ಲೋಟ ವಾಪಸು ಕೊಡುತ್ತಾಳೆ. ಇಷ್ಟು ವರ್ಷಗಳಲ್ಲಿ ಒಂದು ದಿನವೂ ತಳದಲ್ಲಿ ಒಂದು ಗುಟುಕು ಉಳಿಸಿದವಳಲ್ಲ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಏನು ಬೇಕು ಎಂದುಕೊಂಡು ಸುಖೇಶ ಮೆಟ್ಟಿಲಿಳಿಯುತ್ತಾನೆ.

ಹೆಂಡತಿಯ ಮೇಲೆ ಎಂಥ ಪ್ರೀತಿ ನೋಡಿ ಎಂದು ನೆಂಟರು ಮಾತಾಡಿಕೊಳ್ಳುತ್ತಾರೆ. ಪ್ರೀತಿ ಇದ್ದರೂ ಇರಬಹುದು. ಆದರೆ ಅವನು ಕಾಫಿ ಮಾಡುವುದು ಪಂದ್ಯದಲ್ಲಿ ಸೋತದ್ದಕ್ಕೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಹೋಟೆಲು ಆಗ ಸುಖೇಶನ ಸೋದರಮಾವ ಸುಬ್ಬಯ್ಯ ಶೆಟ್ಟರದು. ಊರಿಗೆ ಹೋದರೆ ಮೂರು ಹೊತ್ತೂ ಮೀನು ಬೇಕೆನ್ನುವ ಮನುಷ್ಯ ಭೋಸರಿಯ ಈ ಕಟ್ಟಡಕ್ಕೆ ಮಾತ್ರ ಒಂದು ಮೊಟ್ಟೆಯೂ ಹತ್ತಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಹೊಸದಾಗಿ ಮದುವೆಯಾದ ಸುಖೇಶ ಬಿಲ್ಲು ಮಾಡಲೆಂದು ಒಂದು ಹಳೆಯ ವಿಂಡೋಸ್ ಕಂಪ್ಯೂಟರು ತಂದ. ಅದರ ಜೊತೆ ಒಂದು ಆಟದ ಸೀಡಿ ಪುಕ್ಕಟೆಯಾಗಿ ಬಂತು. ಮೇಲೆ ಸಾಲಾಗಿ ಕೋಳಿಗಳು ಕೂತು ಮೊಟ್ಟೆ ಹಾಕುತ್ತವೆ. ಕೆಳಗೆ ಬುಟ್ಟಿ ಸರಿಸಿ ಅವನ್ನು ಹಿಡಿಯಬೇಕು. ಮೂರು ಒಡೆದರೆ ಆಟ ಮುಗಿಯಿತು. ಒಂದೊಂದು ಹಂತ ದಾಟಿದ ಹಾಗೆಲ್ಲ ಕೋಳಿಗಳಿಗೆ ಅವಸರ ಜಾಸ್ತಿ.

ಒಂದು ದಿನ ಸುಬ್ಬಯ್ಯ ಶೆಟ್ಟರು ಮಹಡಿಗೆ ಬಂದವರು ಪರದೆ ನೋಡಿ ನಿಂತೇಬಿಟ್ಟರು.

“ಇದು ಒಡೆದರೆ ನೆಲ ತೊಳೆಯಬೇಕಾ?” ಎಂದು ಕೇಳಿದರು.

“ಇಲ್ಲ ಮಾವ.”

“ವಾಸನೆ?”

“ಇಲ್ಲ.”

“ಹಾಗಾದರೆ ಆಡಿ,” ಎಂದು ಹೋದರು.

ಮಾವನ ಅನುಮತಿ ಸಿಕ್ಕ ಉತ್ಸಾಹದಲ್ಲಿ ಗಂಡಹೆಂಡಿರು ಪಂದ್ಯ ಕಟ್ಟಿದರು. ಸೋತವರು ದಿನಾ ಬೆಳಿಗ್ಗೆ ಗೆದ್ದವರಿಗೆ ಕಾಫಿ ಮಾಡಬೇಕು. ಕೆಳಗಿನಿಂದ ತರಿಸುವಂತಿಲ್ಲ, ಸ್ವಂತ ಕೈಯಿಂದಲೇ ಆಗಬೇಕು. ತಿರುಗಿ ಗೆಲ್ಲುವ ತನಕ ಬಿಡುಗಡೆಯಿಲ್ಲ. ಪಂದ್ಯದ ದಿನ ಚಿತ್ರಾ ಎಂದಿನಂತೆ ಕುಕ್ಕರಿನಲ್ಲಿ ಅನ್ನಕ್ಕಿಟ್ಟು ಆಟಕ್ಕೆ ಕೂತಳು. ಅದು ಅವಳ ರೂಢಿ. ಕುಕ್ಕರ್ ಮೂರನೆಯ ಸಲ ಕೂಗುವಷ್ಟರಲ್ಲಿ ಅವಳು ಐದನೆಯ ಹಂತದಲ್ಲಿರುತ್ತಿದ್ದಳು. ಅಲ್ಲಿ ಬುಟ್ಟಿಯನ್ನು ಸರಿಯಾದ ಕೋಳಿಯ ಕೆಳಗೆ ಬಿಟ್ಟು, ಓಡಿ ಹೋಗಿ ಒಲೆ ಆರಿಸಿ, ಓಡಿ ಬಂದು ಆಟ ಮುಂದುವರಿಸುವಳು. ಅವತ್ತೂ ಹಾಗೆಯೇ ಆಡಿ ಗೆದ್ದಳು. ಸುಖೇಶ ಮೂರನೆಯ ಹಂತದಲ್ಲಿ ಮಕಾಡೆ ಮಲಗಿದ.

ಮತ್ತೆ ಆಡಿ ಸೇಡು ತೀರಿಸೋಣವೆಂದರೆ, ಆ ಮಳೆಗಾಲದಲ್ಲಿ ಕರೆಂಟು ಏರುಪೇರಾಗಿ ಕಂಪ್ಯೂಟರು ಸುಟ್ಟುಹೋಯಿತು. ಆಮೇಲೆ ತಂದ ಯಾವ ಹೊಸ ಕಂಪ್ಯೂಟರೂ ಆ ಸೀಡಿಯನ್ನು ಒಪ್ಪಲಿಲ್ಲ. ಪರದೆ ಕಪ್ಪಾಗಿ, ಒಳಗೆಲ್ಲೋ ಒಂದು ಕೋಳಿ ಕೊಕ್ಕೋ ಎಂದು ಕೂಗಿ ಸುಮ್ಮನಾಗುತ್ತಿತ್ತು. ಮಾವ ತೀರಿಕೊಂಡರು, ಹೋಟೆಲು ಅಳಿಯನ ಕೈಗೆ ಬಂತು, ಕೆಲಸದವರು ಹೆಚ್ಚಿದರು. ಮಾಲೀಕನ ಕಾಫಿ ಚಾಕರಿ ಮಾತ್ರ ಹಾಗೆಯೇ ಮುಂದುವರಿಯಿತು. ಸೀಡಿಯನ್ನು ಅವನು ಹೋಟೆಲಿನ ಲೈಸೆನ್ಸಿನ ಜೊತೆ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದ.

ಬಿಡುಗಡೆಯ ದಾರಿ ತೋರಿಸಿದವನು ಸಿದ್ದಾರೂಢ. ಸೇಡಂ ಕಡೆಯವನು, ಹತ್ತಿರದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ಕೆಲಸ. ಗದ್ದಲ ಕಡಿಮೆಯಾದ ಮೇಲೆ ಊಟಕ್ಕೆ ಬರುತ್ತಾನೆ. ಒಂದು ಮಧ್ಯಾಹ್ನ ಸುಖೇಶ ಅವನ ಮುಂದೆ ಕೋಳಿಯ ಗೋಳು ತೋಡಿಕೊಂಡ.

“ಇಷ್ಟಕ್ಕ ಯಾಕ ಚಿಂತಿ ಮಾಡ್ತೀರಿ ಶೆಟ್ರ? ನನ್ನ ಕಡಿ ಒಂದು ಸಣ್ಣ ಬೋರ್ಡ್ ಅದರಿ. ಅಂಗೈಯಾಗ ಹಿಡಿತದ, ಆದ್ರ ಅದೂ ಪೂರಾ ಕಂಪ್ಯೂಟರೇ. ವಿಂಡೋಸ್ ಬದ್ಲಿ ಲಿನಕ್ಸ್ ಹಾಕೋಣು, ಟೀವಿಗೆ ಜೋಡ್ಸೋಣು, ನಿಮ್ಮ ಆಟ ಓಡ್ಸೋಣು.”

“ಆಟ ವಿಂಡೋಸಿನದ್ದಲ್ವಾ?”

“ಹೌದ್ರಿ. ಅದು ಆಡೋ ಮಾತು ಲಿನಕ್ಸಿಗಿ ತಿಳಿಯಂಗಿಲ್ಲ. ನಡುವ ಒಬ್ಬ ದುಭಾಷಿ ಬೇಕು. ಆ ಸಾಫ್ಟ್‌ವೇರ್ ಹೆಸರು ವೈನ್.”

ಸುಖೇಶ ಅಕ್ಕಪಕ್ಕ ನೋಡಿದ. “ಮೆಲ್ಲಗೆ ಮಾರಾಯ್ರೆ. ಇದು ಫ್ಯಾಮಿಲಿ ಹೋಟೆಲು.”

“ಇನ್ನೊಬ್ಬ ದುಭಾಷಿನೂ ಬೇಕಾಗ್ತದರಿ. ಈ ಬೋರ್ಡಿನ ಚಿಪ್ಪು ಮೊಬೈಲಿನ ಜಾತಿದು. ಹಳೇ ಕಂಪ್ಯೂಟರಿನ ಲೆಕ್ಕ ಅದಕ್ಕ ಬ್ಯಾರೆಯವರು ಬಿಡಿಸಿ ಹೇಳಬೇಕು.”

ಇದು ಸುಖೇಶನಿಗೆ ತಟ್ಟನೆ ಅರ್ಥವಾಯಿತು. ಅವನ ಹೋಟೆಲು ನಡೆಯುವುದೇ ಹಾಗೆ. ಗಿರಾಕಿ ಮರಾಠಿಯಲ್ಲಿ ದೋಸೆ ಕೇಳುತ್ತಾನೆ, ಸಪ್ಲೈಯರ್ ಶಂಕ್ರೆಪ್ಪ ಅದನ್ನು ಕಲಬುರಗಿಯ ಕನ್ನಡದಲ್ಲಿ ಕೂಗುತ್ತಾನೆ, ಒಳಗೆ ಯಾರೋ ಅದನ್ನು ಶ್ಯಾಮನಿಗೆ ತುಳುವಿನಲ್ಲಿ ಮುಟ್ಟಿಸುತ್ತಾರೆ. ದೋಸೆ ಬಂದೇ ಬರುತ್ತದೆ. ಒಲೆಯ ಮುಂದೆ ಸೆಕೆ ಜಾಸ್ತಿಯಾದ ದಿನ ಸ್ವಲ್ಪ ತಡವಾಗುತ್ತದೆ, ಅಷ್ಟೇ.

ಆಮೇಲಿನ ಮಧ್ಯಾಹ್ನಗಳೆಲ್ಲ ಅದಕ್ಕೇ ಹೋದವು. ಊಟದ ಹೊತ್ತು ಮುಗಿದು ಶಟರು ಅರ್ಧ ಇಳಿದ ಕೂಡಲೇ ಇಬ್ಬರೂ ಮೇಲಿನ ಟೀವಿಯ ಮುಂದೆ ಕೂರುವರು. ಮೊದಲು ಬರೀ ಸದ್ದು ಬಂತು, ಚಿತ್ರವಿಲ್ಲ. ಆಮೇಲೆ ಚಿತ್ರ ಬಂತು, ಕೋಳಿಗಳಿಗೆ ತಲೆಯಿರಲಿಲ್ಲ. ಒಂದು ಸಲ ಎಲ್ಲವೂ ಸರಿಯಾಗಿ ಬುಟ್ಟಿ ಮಾತ್ರ ಕಾಣೆಯಾಯಿತು. ಪ್ರತಿಸಲವೂ ಸಿದ್ದಾರೂಢ, “ಇನ್ನೊಂದೇ ಒಂದು ಆಗಬೇಕದರಿ” ಎಂದು ಹೇಳಿ ಮಸಾಲೆ ದೋಸೆ ತಿಂದು ಹೋಗುತ್ತಿದ್ದ. ಕೊನೆಗೊಂದು ದಿನ ಕೋಳಿ, ತಲೆ, ಬುಟ್ಟಿ, ಸದ್ದು ಎಲ್ಲವೂ ಒಟ್ಟಿಗೆ ಬಂದವು. ಸುಖೇಶ ಟೀವಿಯ ಹತ್ತಿರ ಸರಿದು ಕೂತ. ಮದುವೆಯ ಹೊಸತರ ಆ ಕೋಣೆ, ಗೆದ್ದು ಚಪ್ಪಾಳೆ ಹೊಡೆದ ಚಿತ್ರಾ, ಎಲ್ಲ ಕಣ್ಣ ಮುಂದೆ ಬಂದು ಸ್ವಲ್ಪ ಹೊತ್ತು ಅವನು ಸೇಡನ್ನೇ ಮರೆತ.

ಇಷ್ಟು ಕಷ್ಟಪಟ್ಟು ಸಜ್ಜು ಮಾಡಿದ ಬೋರ್ಡಿಗೆ ಕೆಳಗಿನ ಎಣ್ಣೆ ಹೊಗೆ ತಾಗಬಾರದಲ್ಲ! ಮನೆಯಲ್ಲಿ ಇಡ್ಲಿ ಇಡುತ್ತಿದ್ದ ಒಂದು ಹಳೆಯ ಹಾಟ್‌ಬಾಕ್ಸ್ ಇತ್ತು. ಬೋರ್ಡು ಅದರಲ್ಲಿ ಅಳತೆ ಮಾಡಿಸಿದ ಹಾಗೆ ಕೂತಿತು. ವಯರುಗಳಿಗೆ ಪಕ್ಕದಲ್ಲಿ ತೂತು ಕೊರೆದು, ಮುಚ್ಚಳ ಬಿಗಿದು, ಸುಖೇಶ ಅಭ್ಯಾಸ ಶುರು ಮಾಡಿದ. ಆಟ ಎಷ್ಟು ಸಲೀಸಾಗಿತ್ತೆಂದರೆ ಅವನಿಗೇ ಆಶ್ಚರ್ಯ. ವಯಸ್ಸಿನ ಜೊತೆ ಕೈ ಪಳಗಿದೆ ಎಂದುಕೊಂಡ. ಸಿದ್ದಾರೂಢನನ್ನು ಕರೆದು ತೋರಿಸಿದ.

ಸಿದ್ದಾರೂಢ ಸ್ವಲ್ಪ ಹೊತ್ತು ನೋಡಿ ಎದ್ದು, ಹಾಟ್‌ಬಾಕ್ಸಿನ ಮುಚ್ಚಳ ತೆಗೆದು, ಬೋರ್ಡು ಮುಟ್ಟಿ ಕೈ ಒದರಿದ.

“ಅಯ್ಯೋ ಶೆಟ್ರ! ಇದು ಇಡ್ಲಿ ಬಿಸಿ ಇರ್ಲಿ ಅಂತ ಮಾಡಿದ ಡಬ್ಬಿ ರೀ! ಭಾಳ ಕಾದ್ರ ಈ ಬೋರ್ಡ್ ಸುಟ್ಟು ಹೋಗಬಾರದಂತ ತಾನೇ ನಿಧಾನ ಆಗ್ತದ. ಅದಕ್ಕೇ ತತ್ತಿ ಇಷ್ಟು ಮೆಲ್ಲಕ ಬೀಳ್ತಾವ.”

ಬೋರ್ಡು ತಣಿದ ಮೇಲೆ ಕೋಳಿಗಳಿಗೆ ಹಳೆಯ ಜೀವ ಬಂತು. ಸುಖೇಶ ಕಣ್ಣು ಮಿಟುಕಿಸುವಷ್ಟರಲ್ಲಿ ಮೂರು ಮೊಟ್ಟೆ ಒಡೆದವು. ಅವನು ಪರದೆ ನೋಡಿದ, ಸಿದ್ದಾರೂಢನ ಕೈಯಲ್ಲಿದ್ದ ಮುಚ್ಚಳ ನೋಡಿದ.

“ಅದನ್ನು ಮುಚ್ಚಿಬಿಡಿ,” ಎಂದ.

“ಯಾಕ್ರಿ?”

“ಧೂಳು.”

“ಧೂಳಾ?”

“ಭಾರೀ ಧೂಳು ಮಾರಾಯ್ರೆ, ನಮ್ಮ ಭೋಸರಿಯಲ್ಲಿ.”

ಸಿದ್ದಾರೂಢ ಮುಚ್ಚಿದ. ಅವನಿಗೂ ಮನೆಯಲ್ಲಿ ಹೆಂಡತಿ ಇದ್ದಾಳೆ.

ಪಂದ್ಯ ವಾರದ ರಜೆಯ ದಿನ ನಡೆಯಿತು. ಹಳೆಯ ಆಟ ಕಂಡು ಚಿತ್ರಾಳ ಮುಖ ಅರಳಿತು. ಕುಕ್ಕರಿನಲ್ಲಿ ಅನ್ನಕ್ಕಿಟ್ಟು ಬಂದು ಚಕ್ಕಳಮಕ್ಕಳ ಹಾಕಿ ಕೂತಳು. ಅವಳ ಕೈಗೆ ಹಳೆಯ ವೇಗ ಮರೆತಿರಲಿಲ್ಲ, ತೊಂದರೆಯಾದದ್ದು ಅಲ್ಲೇ. ಮೊಟ್ಟೆ ಬರುವ ಮೊದಲೇ ಅವಳ ಬುಟ್ಟಿ ಅಲ್ಲಿಗೆ ಹೋಗಿ, ಹಿಡಿದಾಯಿತೆಂದು ಮುಂದಿನ ಕೋಳಿಯ ಹತ್ತಿರ ಓಡುತ್ತಿತ್ತು. ಮೊಟ್ಟೆ ಸಾವಕಾಶವಾಗಿ ಬಂದು ಖಾಲಿ ನೆಲಕ್ಕೆ ಬೀಳುತ್ತಿತ್ತು. ಎರಡು ಒಡೆದವು. ಕುಕ್ಕರ್ ಮೂರನೆಯ ಸಲ ಕೂಗಿದಾಗ ಎದ್ದು ಹೋಗಿ ಒಲೆ ಆರಿಸಿ ಬಂದಳು. ಬಂದು ಪರದೆಯನ್ನು ಒಂದು ಕ್ಷಣ ಸುಮ್ಮನೆ ನೋಡಿದಳು. ಕೂತ ಮೇಲೆ ಮೂರನೆಯದೂ ಒಡೆಯಿತು. ನಿಧಾನಕ್ಕೆ ಒಗ್ಗಿಹೋಗಿದ್ದ ಸುಖೇಶ ಆರಾಮವಾಗಿ ಗೆದ್ದ.

ಚಿತ್ರಾ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. “ಕೈಗೆ ವಯಸ್ಸಾಯ್ತು ಅಂತ ಕಾಣ್ತದೆ,” ಎಂದಳು. “ನಾಳೆಯಿಂದ ಕಾಫಿ ನಾನು ಮಾಡ್ತೇನೆ.”

ಮರುದಿನ ಸುಖೇಶ ಹಾಸಿಗೆಯಲ್ಲಿ ಕೂತು ಕಾಫಿ ಕುಡಿದ. ಡಿಕಾಕ್ಷನ್ನು ಗಟ್ಟಿ, ಹಾಲು ಹದ, ಮೇಲೆ ನೊರೆ. ಪರವಾಗಿಲ್ಲ, ಇಷ್ಟು ವರ್ಷ ನನ್ನದನ್ನು ಕುಡಿದು ಕುಡಿದು ಕಲಿತಿದ್ದಾಳೆ ಎಂದುಕೊಂಡ.

ಆದರೆ ಆ ವಾರ ಮನೆಯಲ್ಲಿ ಒಂದೊಂದೇ ಕೆಲಸ ನಿಲ್ಲತೊಡಗಿತು. ಚಿತ್ರಾ ಮಲ್ಲಿಗೆ ಕಟ್ಟುವುದು ಬಿಟ್ಟಳು. ಬೆರಳು ಮಾತು ಕೇಳುವುದಿಲ್ಲ ಎಂದಳು. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದುಕೊಡಲು ಗಂಡನನ್ನು ಕರೆದಳು. ಒಂದು ದಿನ ಊರಿಗೆ ಫೋನು ಮಾಡಿ ಅಕ್ಕ ಕುಸುಮಳಿಗೆ, “ಈ ಸಲ ಚಕ್ಕುಲಿ ನನ್ನಿಂದ ಆಗ್ಲಿಕ್ಕಿಲ್ಲ ಅಕ್ಕ. ಇನ್ನು ಎಲ್ಲ ನಿಧಾನವೇ,” ಎಂದು ಹೇಳುತ್ತಿದ್ದುದು ಸುಖೇಶನ ಕಿವಿಗೆ ಬಿತ್ತು.

ಅವನಿಗೆ ನಾಚಿಕೆಯಾಯಿತು. ಜನ ಹೆಚ್ಚಾದ ದಿನ ಸಾಂಬಾರಿಗೆ ನೀರು ಹೊಯ್ಯಿಸಿ ಗಿರಾಕಿಯ ಮುಖ ನೋಡಿ ನಕ್ಕ ಮನುಷ್ಯ ಅವನು, ಯಾವತ್ತೂ ಹೀಗಾಗಿರಲಿಲ್ಲ. ಒಂದು ಲೋಟ ಕಾಫಿಯ ಆಸೆಗೆ ಗಟ್ಟಿಮುಟ್ಟಾದ ಹೆಂಡತಿಯನ್ನು ಮುದುಕಿ ಮಾಡಿಬಿಟ್ಟೆನಲ್ಲ ಎಂದುಕೊಂಡ. ಮುಂದಿನ ರಜೆಯ ದಿನ ಬೆಳಿಗ್ಗೆ ಅವಳು ಲೋಟ ತಂದುಕೊಟ್ಟಾಗ ಅವನಿಂದ ಕುಡಿಯಲಾಗಲಿಲ್ಲ.

“ಚಿತ್ರಾ, ನಿನ್ನ ಕೈಗೆ ಏನೂ ಆಗ್ಲಿಲ್ಲ ಮಾರಾಯ್ತಿ. ಆ ಡಬ್ಬಿಯ ಮುಚ್ಚಳ ಹಾಕಿದ್ರೆ ಬೋರ್ಡು ಕಾದು ಆಟ ನಿಧಾನ ಆಗ್ತದೆ. ನನಗೆ ಗೊತ್ತಿತ್ತು. ಗೊತ್ತಿದ್ದೇ ಮುಚ್ಚಿದ್ದೆ.”

ಚಿತ್ರಾ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಟೀವಿಯ ಹತ್ತಿರ ಹೋಗಿ ಹಾಟ್‌ಬಾಕ್ಸಿನ ಮುಚ್ಚಳ ತೆಗೆದು ಕಿಟಕಿಯಲ್ಲಿಟ್ಟಳು. ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದು ಕುಕ್ಕರ್ ಇಟ್ಟು ಬಂದಳು. ಆಟಕ್ಕೆ ಕೂತಳು. ಬುಟ್ಟಿ ಎಡಕ್ಕೂ ಬಲಕ್ಕೂ ಹಾರಿತು, ಮೊಟ್ಟೆಗಳು ಅದಕ್ಕೇ ಕಾದಿದ್ದವೋ ಎಂಬಂತೆ ಬಂದು ಬಿದ್ದವು. ಕುಕ್ಕರ್ ಮೂರನೆಯ ಸಲ ಕೂಗಿದಾಗ ಐದನೆಯ ಹಂತ ನಡೆಯುತ್ತಿತ್ತು. ಓಡಿ ಹೋಗಿ ಒಲೆ ಆರಿಸಿ ಬಂದಳು, ಒಂದೂ ಒಡೆಯಲಿಲ್ಲ. ಆಮೇಲೆ ಸುಖೇಶ ಆಡಿದ. ಅವನು ಸೋತದ್ದನ್ನು ವಿವರವಾಗಿ ಹೇಳುವ ಅಗತ್ಯವಿಲ್ಲ.

“ಆ ದಿನ ಮೂರನೇ ವಿಸಿಲಿಗೆ ನಾನು ಇನ್ನೂ ಎರಡನೇ ಹಂತದಲ್ಲಿದ್ದೆ,” ಎಂದಳು ಚಿತ್ರಾ. “ಅಕ್ಕಿ ಅದೇ, ಕುಕ್ಕರ್ ಅದೇ. ನನ್ನ ಕೈಗೆ ವಯಸ್ಸಾದ್ರೆ ಕೋಳಿ ಯಾಕೆ ಮೆಲ್ಲಗೆ ಮೊಟ್ಟೆ ಹಾಕ್ತದೆ ಮಾರಾಯ್ರೆ?”

“ಅಂದ್ರೆ ಅವತ್ತೇ ಗೊತ್ತಾಯ್ತಾ?”

“ಮತ್ತೆ?”

“ಮಲ್ಲಿಗೆ? ಭರಣಿ? ಕುಸುಮಕ್ಕನ ಹತ್ರ ಫೋನಿನಲ್ಲಿ ಹೇಳಿದ್ದು?”

“ನಿಮ್ಮ ಬಾಯಿಂದ ಯಾವಾಗ ಬರ್ತದೆ ಅಂತ ನೋಡ್ತಾ ಇದ್ದೆ. ಅಕ್ಕನಿಗೂ ಗೊತ್ತುಂಟು.”

ಸುಖೇಶನಿಗೆ ಒಂದು ಕಡೆ ಹಗುರವಾಯಿತು, ಇನ್ನೊಂದು ಕಡೆ ರೇಗಿತು. “ನಾನು ಗೆದ್ದದ್ದು ಮೋಸ ಅಂತ ಗೊತ್ತಿದ್ದೂ ವಾರವಿಡೀ ಬೇಗ ಎದ್ದು ಕಾಫಿ ಯಾಕೆ ಮಾಡಿದ್ದು ಹಾಗಾದ್ರೆ?”

ಚಿತ್ರಾ ಅವನು ಕುಡಿಯದೆ ಬಿಟ್ಟಿದ್ದ ಲೋಟ ಎತ್ತಿಕೊಂಡಳು. ತಣ್ಣಗಾಗಿದ್ದರೂ ಒಂದು ಗುಟುಕು ಕುಡಿದಳು.

“ಇಪ್ಪತ್ತು ವರ್ಷದಲ್ಲಿ ಒಂದು ವಾರವಾದ್ರೂ ಒಳ್ಳೆ ಕಾಫಿ ಕುಡಿಯುವ ಅಂತ ಆಸೆ ಆಯ್ತು,” ಎಂದಳು.

ಮರುದಿನ ಬೆಳಿಗ್ಗೆ ಕೆಳಗೆ ಶ್ಯಾಮ ಹಾಲು ಕಾಯಿಸುತ್ತಿದ್ದಾಗ, ಊರಿಗೆಲ್ಲ ಕಾಫಿ ಮಾರುವ ಸುಖೇಶ ಶೆಟ್ಟಿ ಮೇಲಿನ ಒಲೆಯ ಮುಂದೆ ಫಿಲ್ಟರು ಹಿಡಿದು ನಿಂತಿದ್ದ. ತುಂಬಾ ಹೊತ್ತು ನಿಂತ ಮೇಲೆ, ಕೋಣೆಯ ಕಡೆ ತಿರುಗಿ, ಕೆಳಗಿನವರಿಗೆ ಕೇಳಿಸದಷ್ಟು ಮೆಲ್ಲಗೆ, “ಚಿತ್ರಾ, ಪುಡಿ ಎಷ್ಟು ಹಾಕಬೇಕು?” ಎಂದು ಕೇಳಿದ.