ಡ್ರ್ಯಾಗನ್ನಿನ ಹಿಂಗಾಲು

ಬ್ಯೂನಸ್ ಐರಿಸ್‌ನ ನಮ್ಮ ದೊಡ್ಡ ಒಪೆರಾ ಭವನದಲ್ಲಿ ಪ್ರತಿ ಚಳಿಗಾಲಕ್ಕೂ ಮಕ್ಕಳಿಗಾಗಿ ಒಂದು ಅಡುಗೂಲಜ್ಜಿ ಕಥೆಯ ಒಪೆರಾ ಆಡುತ್ತಾರೆ. ಅದರ ರಾಜಕುಮಾರಿ ವರ್ಷವರ್ಷಕ್ಕೂ ಹೊಸಬಳು, ಡ್ರ್ಯಾಗನ್ ಮಾತ್ರ ಅದೇ ಹಳೆಯದು. ಅದರ ಚರ್ಮ ಹೊಲಿಯುವವಳು ನಾನು, ಹೆರ್ಮಿನಿಯಾ. ಅದರೊಳಗೆ ಹೊಕ್ಕು ಆಡಿಸುವವರು ಇಬ್ಬರು: ತಲೆ ಮತ್ತು ಮುಂಗಾಲು ಬಲ್ತಸಾರ್, ಹಿಂಗಾಲು ನಿಕಾನೋರ್. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ಇವರಿಬ್ಬರಿಗೆ ಹೆದರಿದವರೇ, ಆದರೆ ಇವರ ಮುಖ ಒಬ್ಬರಿಗೂ ಗೊತ್ತಿಲ್ಲ.

ನಿಕಾನೋರನಿಗೆ ಅದರ ಬೇಸರ ಇರಲಿಲ್ಲ. ಅವನ ಹೆಂಡತಿ ಅಮಾಲಿಯಾ ಪ್ರತಿ ಆಟಕ್ಕೂ ಬಂದು, ತೀರಾ ಮೇಲಿನ ಗ್ಯಾಲರಿಯ ಎಡಗಂಬಕ್ಕೆ ಒರಗಿ ನಿಲ್ಲುತ್ತಿದ್ದಳು. ರಾಜಕುಮಾರಿ ಹಾಡಿದರೆ ಆಕಳಿಕೆ, ಹಿಂಗಾಲು ಬಂದರೆ ಚಪ್ಪಾಳೆ! ಆಟ ಮುಗಿದ ಮೇಲೆ ಬಾಗಿಲಲ್ಲೇ ತಗಾದೆ: "ಎಡಗಾಲು ಇವತ್ತು ಸೋಮಾರಿಯಾಗಿತ್ತು, ನೋಡ್ಕೋ." ಬಗ್ಗಿಕೊಂಡು ಬಲ್ತಸಾರನ ಸೊಂಟ ಹಿಡಿದು ನಡೆಯುವ ನಿಕಾನೋರ್, ಅಲ್ಲಿ ನಿಂತ ಅವಳನ್ನು ಒಂದು ದಿನವೂ ಕಂಡವನಲ್ಲ.

ಅಮಾಲಿಯಾ ತೀರಿಕೊಂಡಳು. ಶವದ ಮುಂದೆ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ, ಕಿವಿಗೆ ರೇಡಿಯೋ ಸಿಕ್ಕಿಸಿಕೊಂಡಿದ್ದ ಬಲ್ತಸಾರ್ "ಗೋಲ್!" ಎಂದು ಕಿರುಚಿಬಿಟ್ಟ. ಮುಠ್ಠಾಳ! ನಮ್ಮಲ್ಲಿ ಫುಟ್‌ಬಾಲಿನ ಹೆಸರಿನಲ್ಲಿ ಏನೇನೋ ಮಾಫಿ ಆಗುತ್ತದೆ, ಇದನ್ನು ಮಾತ್ರ ನಿಕಾನೋರ್ ಕ್ಷಮಿಸಲಿಲ್ಲ. ಒಂದೇ ಸೋರೆಬುರುಡೆಯಿಂದ ಮಟೇ ಎಲೆಯ ಕಷಾಯ ಹೀರುತ್ತಿದ್ದವರು ಎರಡು ಬುರುಡೆ ಮಾಡಿಕೊಂಡರು. ಮೂರು ವರ್ಷ ಒಂದೇ ಚರ್ಮದೊಳಗಿದ್ದರೂ ಮಾತಿಲ್ಲ, ಎಲ್ಲ ನನ್ನ ಮೂಲಕ.

"ಹೆರ್ಮಿನಿಯಾ, ಮುಂದಿನವನಿಗೆ ಹೇಳು, ಬೆಳ್ಳುಳ್ಳಿ ತಿಂದು ಬರಬೇಡ ಅಂತ."

"ಹಿಂದಿನವನಿಗೆ ಹೇಳು, ಮೂಗು ಮುಚ್ಕೋ ಅಂತ."

"ನಾನೇನು ನಿಮ್ಮ ಟಪಾಲಿನವಳಾ? ಇಬ್ರೂ ಹಾಳಾಗಿ ಹೋಗಿ!" ಎನ್ನುತ್ತಿದ್ದೆ.

ಈ ಸಲ ನಿಕಾನೋರನ ಮಂಡಿ ಕೈಕೊಟ್ಟಿತು. ಮ್ಯಾನೇಜರ್‌ಗೆ ಗೊತ್ತಾದರೆ ಅವನ ಜಾಗಕ್ಕೆ ಬೇರೆ ಕಾಲು ಬರುವುದೇ. "ಬಾಯಿ ಬಿಡಬೇಡ, ನಿನ್ನ ದಮ್ಮಯ್ಯ" ಎಂದ. "ಇದೂ ಹೋದ್ರೆ ಮನೇಲಿ ಅವಳ ಖಾಲಿ ಕುರ್ಚಿ ನೋಡ್ಕೊಂಡು ಕೂತಿರಬೇಕು ನಾನು." ಮಂಡಿಗೆ ಬಟ್ಟೆ ಬಿಗಿದು ಕಳಿಸಿದೆ.

ಮೊದಲ ಆಟ. ಕೊನೆಯಲ್ಲಿ ಡ್ರ್ಯಾಗನ್ ರಾಜಕುಮಾರಿಗೆ ಶರಣಾಗಿ, ಎದ್ದು ಹೊರಟುಹೋಗಬೇಕು. ಮುಂದಿನವನು ತಲೆ ತಗ್ಗಿಸಿದರೆ ಸಾಕು, ಮಂಡಿ ಊರಬೇಕಾದವನು ಹಿಂದಿನವನು. ಊರಿದ. ಏಳುವ ಸಂಗೀತ ಬಂತು, ಹೋಯಿತು. ಹಿಂಗಾಲು ಮಿಸುಕಲಿಲ್ಲ. ನಾನು ಪರದೆಯ ಪಕ್ಕದಿಂದ ನೋಡುತ್ತಿದ್ದೆ. ಒಳಗೆ ನಡೆದದ್ದನ್ನು ಅವರು ಆಮೇಲೆ ಹೇಳಿದರು.

"ಏಳೋ!" ಎಂದನಂತೆ ಬಲ್ತಸಾರ್. ಮೂರು ವರ್ಷದ ಮೇಲೆ ಮೊದಲ ಮಾತು.

"ಮಂಡಿ ಹಿಡ್ಕೊಂಡಿದೆ ಕಣೋ. ಮುಗೀತು ನನ್ನ ಕಥೆ."

"ಏನೂ ಮುಗಿದಿಲ್ಲ. ನನ್ನ ಬೆನ್ನ ಮೇಲೆ ಹತ್ತು."

ಡ್ರ್ಯಾಗನ್ ಎರಡೇ ಕಾಲಿನ ಮೇಲೆ ಎದ್ದು ನಿಂತಿತು. ಬೆನ್ನ ಮೇಲೆ ದೊಡ್ಡ ಗೂನು, ಹಿಂಗಾಲು ಎರಡೂ ಜೋತಾಡುತ್ತ, ಓಲಾಡುತ್ತ ಹೊರನಡೆಯಿತು. ಮಕ್ಕಳು ಬಿದ್ದು ಬಿದ್ದು ನಕ್ಕು ಚಪ್ಪಾಳೆ ಹೊಡೆದವು.

ನಾನು ಓಡಿ ಗುಂಡಿ ಬಿಚ್ಚಿದೆ. ನಿಕಾನೋರ್ ಕೂಸಿನ ಹಾಗೆ ಬಲ್ತಸಾರನ ಕತ್ತಿಗೆ ಜೋತುಬಿದ್ದಿದ್ದ. ಬಲ್ತಸಾರ್ ಏದುಸಿರು ಬಿಡುತ್ತ ಹೇಳಿದ: "ಅವತ್ತು ನಂದು ತಪ್ಪು. ನಂಗೂ ಅಕ್ಕನ ಹಾಗಿದ್ಳು ಅವಳು. ಎಲ್ರ ಮುಂದೆ ಅಳಬಾರ್ದು ಅಂತ ರೇಡಿಯೋ ಹಾಕ್ಕೊಂಡಿದ್ದೆ."

ನಿಕಾನೋರ್ ಕೆಳಗಿಳಿಯಲಿಲ್ಲ. ಬೆನ್ನ ಮೇಲಿಂದಲೇ ಕೇಳಿದ: "ಅವತ್ತು ಗೆದ್ವಾ?"

"ಸೋತ್ವಿ."

"ಒಳ್ಳೇದೇ ಆಯ್ತು ಬಿಡು."

ಅಷ್ಟರಲ್ಲಿ ಮ್ಯಾನೇಜರ್ ಮುಖ ಕೆಂಪಗೆ ಮಾಡಿಕೊಂಡು ಬಂದರು. ಬಲ್ತಸಾರ್ ಅವರಿಗೆ ಬಾಯಿ ತೆರೆಯಲು ಬಿಡಲಿಲ್ಲ. "ನಾಳೆಯಿಂದ ಹಿಂಗಾಲು ನಾನು, ತಲೆ ಇವನು. ಆಗಲ್ಲ ಅಂದ್ರೆ ಬೇರೆ ಡ್ರ್ಯಾಗನ್ ಹುಡುಕ್ಕೊಳ್ಳಿ." ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಮ್ಯಾನೇಜರ್ ಹೂಂ ಎಂದು ಹೋದರು.

ಮರುದಿನ ನಿಕಾನೋರ್ ಡ್ರ್ಯಾಗನ್ನಿನ ಬಾಯಿಯ ಜಾಲರಿಯಿಂದ, ಆಟದ ನಡುವೆ ಮೊದಲ ಸಲ ಭವನ ನೋಡಿದ. ಆಟ ಮುಗಿದರೂ ತಲೆ ತೆಗೆಯದೆ ಕುಳಿತಿದ್ದ. ನಾನೇ ತೆಗೆದೆ, ಅವನ ಕಣ್ಣೆಲ್ಲ ಒದ್ದೆ. ಬಲ್ತಸಾರ್ ತನ್ನ ಬುರುಡೆಯ ಮಟೇ ಅವನ ಕೈಗಿಟ್ಟ.

"ಆ ಎಡಗಂಬ ನೋಡ್ದೆ ಕಣೇ, ಹೆರ್ಮಿನಿಯಾ" ಎಂದ ನಿಕಾನೋರ್. "ಅಬ್ಬಾ, ಎಷ್ಟು ಮೇಲಿದೆ ಅದು! ಅಷ್ಟು ದೂರದಿಂದ ನನ್ನ ಎಡಗಾಲೊಂದನ್ನೇ ನೋಡ್ತಾ ನಿಂತಿರ್ತಿದ್ಳಲ್ಲೇ ಅವಳು."