ತಲೆಗೆ ಬಿಗಿದ ಬಟ್ಟೆ

ಹೆರಿಗೆಯಾದ ವಾರದಲ್ಲೇ ಅಕ್ಕ ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ, ಆಸ್ಪತ್ರೆಗೆ ಹೋಗಬೇಕು, ಜೀಪು ತಾ ಎಂದಳು. ನಾನು ಜೀಪು ತರಲಿಲ್ಲ. ಬಾಣಂತಿಗೆ ಗಾಳಿ ತಾಗಿದೆ ಎಂದುಕೊಂಡು ಅವಳ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಇನ್ನಷ್ಟು ಬಿಗಿದೆ.

"ಬಿಡೋ, ಹೀಗೆ ಬಿಗಿಯೋಕೆ ನನ್ನ ತಲೆ ಏನು ಕಾಫಿ ಮೂಟೆಯಾ?" ಎಂದು ಬಟ್ಟೆ ಕಿತ್ತೆಸೆದು, ಗೋಡೆ ಹಿಡಿದು ನಡೆದು, ತಾನೇ ಎಸ್ಟೇಟಿನ ಜೀಪು ಹತ್ತಿದಳು. ಆಸ್ಪತ್ರೆಯ ದಾರಿಯಲ್ಲಿ ಮೂರ್ನಾಡು ದಾಟುವಾಗ ಫಿಟ್ಸ್ ಬಂತು. ಹೆರಿಗೆಯಾದ ಮೇಲೂ ಬಿ.ಪಿ. ಹೀಗೆ ಏರಬಹುದು ಎಂದ ಡಾಕ್ಟರು ಇಂಜೆಕ್ಷನ್ ಕೊಟ್ಟು ಉಳಿಸಿದರು.

ಈಗ ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳಲ್ಲಿ ಯಾರು ಹೆತ್ತರೂ ಅಕ್ಕ ಹೋಗಿ, ಕಣ್ಣೆದುರು ಬೆರಳಾಡಿಸಿ, "ಸರಿ ಕಾಣ್ತದಾ? ತಲೆನೋವುಂಟಾ?" ಎನ್ನುತ್ತಾಳೆ. ಅವಳು ನನ್ನ ಅಕ್ಕ ಎಂದು ಕೇಳದವರಿಗೂ ಹೇಳುತ್ತೇನೆ. ಮೊನ್ನೆ ಪಕ್ಕದ ಮನೆಯ ಬಾಣಂತಿ ತಲೆ ಹಿಡಿದುಕೊಂಡಾಗ ಜೀಪು ತಂದವನು ನಾನೇ. ಅವಳನ್ನು ಹತ್ತಿಸುತ್ತಾ, ಜೊತೆಗಿದ್ದ ಅಕ್ಕನಿಗೆ ಎಲ್ಲರೆದುರು ಹೇಳಿದೆ:

"ಅವತ್ತು ನಿನ್ನ ಮಾತು ಕೇಳಬೇಕಿತ್ತು ಅಕ್ಕಾ. ತಪ್ಪಾಯ್ತು."