ಅವ್ವ ಕುರ್ಚಿ ಏರೋ ಮುಂಚಿನ ಮೀಟಿಂಗು

ನಮ್ಮವ್ವ ಪಂಚಾಯ್ತಿ ಅಧ್ಯಕ್ಷಿ ಆಗಿದ್ದು ಅಕಿ ಕೇಳಿ ಅಲ್ಲ. ಐದು ವರ್ಷದ ಪಂಚಾಯ್ತಿಗೆ ಇಬ್ರು ಅಧ್ಯಕ್ಷರು, ಎರಡೂವರಿ ವರ್ಷಕ್ಕೊಬ್ರು. ಎರಡನೇ ಸಲದ ಮೀಸಲಾತಿ ಪಟ್ಟಿ ಬಂದಾಗ ನಮ್ಮ ಕೇರಿ ಹೆಣಮಗಳಿಗೆ ಅಂತ ಬಂತು. ಮೆಂಬರ್‌ಗಳೊಳಗ ಅಂಥಾಕಿ ನಮ್ಮವ್ವ ಒಬ್ಬಾಕಿನ. ಎದುರು ನಿಂದ್ರಾಕ ಯಾರೂ ಇಲ್ಲ. ಮುಗೀತು.

ನಮ್ಮೂರು ಹೊಸಪೇಟಿ-ಸಂಡೂರ ರೋಡಿನ ಮ್ಯಾಲ ಐತಿ. ಆಗ ಮೈನಿಂಗ್ ಜೋರು. ರೋಡು ಕೆಂಪು, ಮನಿ ಕೆಂಪು, ಒಣಾ ಹಾಕಿದ ಅಂಗಿ ಕೆಂಪು. ನಾನು ಏಳನೇತ್ತಿಗೆ ಸಾಲಿ ಬಿಟ್ಟಾಂವ, ಟಿಪ್ಪರ್ ಹೊಡೀತಿದ್ದೆ. ಸಂಡೂರಾಗ ಅದಿರು ತುಂಬೋದು, ಹೊಸಪೇಟಿ ರೈಲ್ವೆ ಸೈಡಿಂಗಿನಾಗ ಸುರಿಯೋದು. ಟ್ರಿಪ್ಪಿನ ಮ್ಯಾಲ ಪಗಾರ. ಅದಕ್ಕ ಎಲ್ಲಿ ಕುಂತ್ರೂ ನನ್ನ ಬಲಗಾಲು ಸುಮ್ನ ಇರ್ತಿದ್ದಿಲ್ಲ.

ಟಿಪ್ಪರ್ ಯಾರದು ಅಂದ್ರ, ಹಳೇ ಅಧ್ಯಕ್ಷರದು. ಊರ ಹೊರಗ ಅವ್ರ ಹೊಲದಾಗ ಅದಿರು ಯಾರ್ಡೂ ಇತ್ತು. ಹಿಂಗ ನನ್ನ ಸಾವ್ಕಾರನ ಕುರ್ಚಿ ನಮ್ಮವ್ವಗ ಬಂತು.

ಅವ್ವಗ ಬೇಕಾಗಿದ್ದು ಒಂದ ಒಂದು. ನಮ್ಮ ಕೇರಿ ರೋಡಿನ ಈಚೆ ಕಡಿ, ನೀರಿನ ಟ್ಯಾಂಕು ಆಚೆ ಕಡಿ. ದಿನಾ ಮುಂಜಾನಿ ನೀರು ಬಿಟ್ಟಾಗ ಹೆಣಮಕ್ಳು ಕೊಡ ಹಿಡ್ಕೊಂಡು ರೋಡಿನ ಅಂಚಿಗೆ ನಿಂದ್ರೋರು. ಒಂದು ಲಾರಿ ಹೋದ್ರ ಅದರ ಬಾಲಕ್ಕ ಇನ್ನೊಂದು. ಖಾಲಿ ಕೊಡ ಇದ್ರ ಓಡಬೌದು. ತುಂಬಿದ ಕೊಡ ಹೊತ್ಕೊಂಡು ಹೆಂಗ ಓಡ್ತಾರ? ಒಂದ್ಸಲ ಎದುರುಮನಿ ಮುದುಕಿ ಬಿದ್ದು ಸೊಂಟ ಮುರ್ಕೊಂಡ್ಲು. ರೋಡಿನ ಬುಡಕ ಪೈಪ್ ಹಾಕಿ ಈ ಕಡಿ ಒಂದು ನಳ ತರಬೇಕು, ಅದ ನನ್ನ ಮೊದಲ್ನೇ ಠರಾವು ಅಂತಿದ್ಲು ಅವ್ವ. ಬುಕ್ಕಸಾಗರಕ್ಕ ಭತ್ತದ ನಾಟಿ ಹಚ್ಚಾಕ ಹೋದಾಗ್ಲೂ ಅದನ್ನ ಮಾತಾಡಾಕಿ.

ಆರಿಸಿ ಬಂದಾಗ ಅಮಾಸಿ ಹತ್ರ ಇತ್ತು. ಕೇರಿ ಹಿರೇರು, "ಅಮಾಸಿ ಎದುರಿಗಿಟ್ಕೊಂಡು ಕುರ್ಚಿ ಏರಬ್ಯಾಡವ್ವ, ದಾಟ್ಲಿ" ಅಂದ್ರು. ನಮ್ಮ ಕಡಿ ಹೊಸಾ ಅಧ್ಯಕ್ಷರು ದಿನ ನೋಡೇ ಕುಂದ್ರೋದು. ನಾವು ದಿನ ನೋಡ್ಕೋತ ಕುಂತ್ವಿ. ಹಳೇ ಅಧ್ಯಕ್ಷರು ಕುಂದ್ರಲಿಲ್ಲ. ಕುರ್ಚಿ ಇನ್ನೂ ಅವ್ರ ಕೈಯಾಗ ಇತ್ತಲ್ಲ, ಅಮಾಸಿ ಹಿಂದಿನ ದಿನ ಅರ್ಜೆಂಟ್ ಮೀಟಿಂಗ್ ಕರದ್ರು. ವರ್ಷದ ಕೆಲಸದ ಪಟ್ಟಿ ಪಾಸ್ ಆಗಬೇಕಂತ.

ಅವತ್ತು ಮುಂಜಾನಿ ಸಾವ್ಕಾರ ನನಗಂದ್ರು, "ಲೇ, ಇವತ್ತು ಒಂದು ಟ್ರಿಪ್ ಜಾಸ್ತಿ ಐತಿ. ನಿಮ್ಮವ್ವನ್ನ ಪಂಚಾಯ್ತಿಗೆ ಬಿಟ್ಟು ಹಂಗ ಸಂಡೂರಿಗೆ ಹೊಂಡು. ತಡಾ ಮಾಡಿದ್ರ ಗಾಡಿ ಬ್ಯಾರೇಯವ್ರಿಗೆ ಕೊಡ್ತೀನಿ."

ಪಂಚಾಯ್ತಿ ಆಫೀಸಿನಾಗ ಮಿರ್ಚಿ, ಮಂಡಕ್ಕಿ, ಚಾ. ನಮ್ಮ ಪಂಚಾಯ್ತಿ ರೀತಿ ಏನಂದ್ರ, ಮೀಟಿಂಗ್ ಶುರು ಆಗೋಕಿಂತ ಮುಂಚೇನ ಎಲ್ರ ಕೈಲೆ ಬುಕ್ಕಿನಾಗ ಸಹಿ ತಗೊಳ್ಳೋದು. ಹಾಜರಿ ಅಂತ. ಠರಾವು ಆಮ್ಯಾಲ ಸೆಕ್ರೆಟರಿ ಮನಿಗೊಯ್ದು ಚಂದ ಅಕ್ಷರದಾಗ ಬರೀತಿದ್ದ, ಸಹಿ ಮ್ಯಾಲಿನ ಖಾಲಿ ಜಾಗದಾಗ. ಯಾರೂ ಏನೂ ಅಂತಿದ್ದಿಲ್ಲ. ಮಿರ್ಚಿ ಬಿಸಿ ಇರ್ತಿದ್ವು.

ಬುಕ್ಕು ಅವ್ವನ ಹತ್ರ ಬಂತು. ಅಕಿ ರಾತ್ರಿ ಸಾಲಿಯಾಗ ಕಲ್ತಾಕಿ. ಅಕ್ಷರ ಕೂಡಿಸಿ ಕೂಡಿಸಿ ಓದ್ತಾಳ, ಆದ್ರ ಓದ್ತಾಳ. ಹಾಳಿ ತಿರುವಿ ನೋಡಿದ್ಲು.

"ಮ್ಯಾಲ ಎಲ್ಲಾ ಖಾಲಿ ಐತಲ್ರಿ?"

ಸೆಕ್ರೆಟರಿ, "ಹಾಜರಿ ಅಷ್ಟ ಅಕ್ಕಾರೆ, ಬಂದೀರಿ ಅನ್ನಾಕ" ಅಂದ.

"ಬಂದೀನಿ ಅನ್ನಾಕ ಇಷ್ಟು ದೊಡ್ಡ ಜಾಗ ಯಾಕ?"

ಹೊರಗ ನನ್ನ ಗಾಡಿ ಸ್ಟಾರ್ಟಿನಾಗ ಇತ್ತು. ಅಕಿ ಬಗ್ಗಿ ಅಕ್ಷರ ಹುಡುಕೋದು ನೋಡಿ ನನಗ ತಡ್ಕೊಳ್ಳಾಕ ಆಗಲಿಲ್ಲ. "ಹಾಕವ್ವ ಅತ್ಲಾಗ! ಎಲ್ರೂ ಹಾಕ್ಯಾರಲ್ಲ! ನನಗ ಟ್ರಿಪ್ ಐತಿ, ಜಲ್ದಿ!" ಅಂದೆ. ಎಲ್ರೂ ನಕ್ರು. ಅವ್ವ ನನ್ನ ಮಾರಿ ನೋಡಿ ಸಹಿ ಹಾಕಿದ್ಲು.

ಮೀಟಿಂಗಿನಾಗ ಮಾತು ಬಂಗಾರದಂಗ ಇತ್ತಂತ. ಹಳೇ ಅಧ್ಯಕ್ಷರು ತಾವ ಎದ್ದು, "ನಮ್ಮ ಹೊಸಾ ಅಧ್ಯಕ್ಷಿಯವ್ರ ಪೈಪ್ ಮೊದಲು ಆಗ್ಲಿ" ಅಂದ್ರಂತ. ಎಲ್ರೂ ಚಪ್ಪಾಳಿ ಹೊಡದ್ರಂತ. ಅವ್ವ ಖುಷಿಲೆ ಮನಿಗೆ ಬಂದ್ಲು.

ಅಮಾಸಿ ಮುಗೀತು, ಕುರ್ಚಿ ಏರಿದ್ಲು, ಹಾರ ಬಿತ್ತು. ಹಾರ ತಗದು ಮೊದಲು ಕೇಳಿದ್ದು ಬುಕ್ಕು. ಬೆರಳಿಟ್ಟು ಓದಾಕ ಹತ್ತಿದ್ಲು. ಒಂದನೇದು, ಅದಿರು ಯಾರ್ಡಿಗೆ ಸಿಮೆಂಟ್ ರೋಡು. ಎರಡನೇದು, ಯಾರ್ಡಿನ ಮುಂದ ಚರಂಡಿ. ಪೈಪು ಎಲ್ಲಿ ಐತಿ ಅಂದ್ರ ಕಡೀಕ, ಅನುದಾನ ಉಳದ್ರ ಅಂತ. ಎಲ್ಲಾ ಸರ್ವಾನುಮತ. ಬುಡಕ ಸಹಿ, ಅಕಿದೂ.

"ಇದನ್ನ ಹೊಡದು ಹಾಕ್ರಿ" ಅಂತ ಸೆಕ್ರೆಟರಿಗೆ ಅಂದ್ಲು.

"ಆಗಂಗಿಲ್ರಿ ಅಕ್ಕಾರೆ. ಪಾಸಾದ ಠರಾವು ಆರು ತಿಂಗ್ಳು ಮುಟ್ಟಂಗಿಲ್ಲ. ಮುಟ್ಟಬೇಕಂದ್ರ ಅರ್ಧಕ್ಕಿಂತ ಜಾಸ್ತಿ ಮೆಂಬರ್ ಕೈ ಎತ್ತಬೇಕು."

ಮೆಂಬರ್‌ಗಳ ಮನಿಮನಿಗೆ ಹೋದ್ಲು. ಎಲ್ರ ಮನಿ ಮುಂದೂ ಒಂದೊಂದು ಲಾರಿ ಇಲ್ಲಾ ಟ್ರ್ಯಾಕ್ಟರು. ಯಾರ್ಡಿಗೆ ರೋಡಾದ್ರ ಅವ್ರಿಗೂ ಚಲೋನ. "ನೋಡೋಣು ಬಿಡಕ್ಕ" ಅಂದ್ರು. ಕೈ ಎತ್ತೋರು ಅಕಿ ಬಿಟ್ರ ಇನ್ನಿಬ್ರು.

ಮನಿಗೆ ಬಂದು ಅವ್ವ ಬೈಲಿಲ್ಲ. ಬೈದಿದ್ರ ಚಲೋ ಇತ್ತು. ರೊಟ್ಟಿ ಬಡಕೋತ, "ಸಹಿ ಮಾಡ್ಸಿದಾಂವ ನೀನು. ನಾಳಿಂದ ನೀರು ಬಿಡೋ ಹೊತ್ತಿಗೆ ಲಾರಿ ನಿಂದ್ರಸು" ಅಂದ್ಲು.

"ಹೆಂಗ ನಿಂದ್ರಸ್ಲಿ? ನಾನೇನು ಪೊಲೀಸೇನು?"

"ನಿನ್ನ ಕಡೀನೂ ಒಂದು ಲಾರಿ ಐತಲ್ಲ."

ಮರುದಿನ ನೀರು ಬಿಟ್ಟ ಹೊತ್ತಿಗೆ ಟಿಪ್ಪರ್ ತಂದು ರೋಡಿಗೆ ಅಡ್ಡ ನಿಲ್ಲಿಸಿ ಕೀಲಿ ಕಿತ್ಕೊಂಡೆ. ಹಿಂದ ಲಾರಿ ಸಾಲು ನಿಂತು ಒದರಾಕ ಹತ್ತಿದ್ವು. ಹೆಣಮಕ್ಳು ಸಾವಕಾಶ ನಡ್ಕೋತ ದಾಟಿದ್ರು, ಮಾತಾಡ್ಕೋತ, ಒಬ್ಬಾಕಿ ನಡುರೋಡಿನಾಗ ನಿಂತು ಕೊಡದ ಬುಡಕ ತಲಿ ಮ್ಯಾಲಿಟ್ಟ ಸಿಂಬಿ ಸರಿ ಮಾಡ್ಕೊಂಡ್ಲು. ಮೂರನೇ ದಿನಕ್ಕ ಸಾವ್ಕಾರ ಬಂದು ಕೈ ಚಾಚಿ ಕೀಲಿ ಕೇಳಿದ್ರು. ಕೊಟ್ಟೆ.

"ಈಗ ಲಾರಿ ಇಲ್ಲವ್ವ" ಅಂದೆ. ಅವ್ವ ತನ್ನ ಹಳೇ ಕೆಂಪು ಸೀರಿ ಹರದು ಒಂದು ತುಂಡು ಕೊಟ್ಲು.

ಆಮ್ಯಾಲಿಂದ ದಿನಾ ಮುಂಜಾನಿ ಅದನ್ನ ಹಿಡ್ಕೊಂಡು ರೋಡಿನಾಗ ನಿಂತೆ. ನೀರು ಬಂದ್ ಆಗೋ ತನಕ. ನನ್ನಂಥಾಂವಗ ಅದು ಜೈಲ. ಹೆಣಮಕ್ಳಂತೂ ಬೇಕಂತ ತಡಾ ಮಾಡೋರು. ನಾನು "ಜಲ್ದಿ ಬರ್ರಬೇ!" ಅಂತ ಒದರಿದ್ರ, "ಯಾಕೋ, ಸಂಡೂರಾಗ ನಿನ್ನ ಹೇಣ್ತಿ ಕಾಯಾಕತ್ಯಾಳೇನು?" ಅನ್ನೋರು. ಗೊತ್ತಿದ್ದ ಡ್ರೈವರ್‌ಗಳು ಕಿಟಕಿಯಾಗಿಂದ ಉಗುಳಿ, "ಲೇ ಅಧ್ಯಕ್ಷಿ ಮಗನ, ಸರೀಲೇ!" ಅನ್ನೋರು. ಧೂಳು ಬಾಯಾಗ ಹೋಗಿ ಹಲ್ಲು ಕರ್ ಕರ್ ಅನ್ನೋವು. ಒಂದಿನ ಬಿಟ್ಟು ಓಡಿ ಹೋಗೋಣು ಅಂತ ಮರಿಯಮ್ಮನಹಳ್ಳಿ ಬಸ್ಸು ಹತ್ತಿ, ಮುಂದಿನ ಸ್ಟಾಪಿನಾಗ ಇಳದು ನಡ್ಕೋತ ವಾಪಸ್ ಬಂದೆ. ಇನ್ನೂ ನೀರು ಬಿಟ್ಟಿದ್ದಿಲ್ಲ.

ಆರು ತಿಂಗ್ಳು ಬೇಕಾಗಲಿಲ್ಲ. ದಿನಾ ಅಷ್ಟೊತ್ತು ಲಾರಿ ನಿಂತ್ರ ಮೆಂಬರ್‌ಗಳ ಲಾರೀನೂ ನಿಂದ್ರತಾವಲ್ಲ? ಎರಡನೇ ತಿಂಗ್ಳದಾಗ ತಾವ ಬಂದ್ರು. "ಅಕ್ಕ, ಆ ಪೈಪ್ ಹಾಕ್ಸಿಬಿಡು, ಇವನ್ನ ರೋಡಿನಿಂದ ತಗಿ."

ಅವ್ವ ಮೀಟಿಂಗ್ ಕರದ್ಲು. ಮಿರ್ಚಿ ತರಸಲಿಲ್ಲ. ಮೊದಲು ಎಲ್ರ ಎದುರಿಗೆ ಸೆಕ್ರೆಟರಿ ಕೈಲೆ ಬರಸಿದ್ಲು. ಆಮ್ಯಾಲ ತಾನ ಓದಿದ್ಲು, ಅಕ್ಷರ ಅಕ್ಷರ. ಬಾಗಲದಾಗ ನಿಂತ ನನ್ನ ಬಲಗಾಲು ಕುಣಿಯಾಕ ಹತ್ತಿತ್ತು. ಹಳೇ ಅಧ್ಯಕ್ಷರು, "ಸಾಕು ಬಿಡಬೇ, ತಿಳೀತು" ಅಂದ್ರು. ಅವ್ವ ನಡುವಿನಾಗ ಬಿಟ್ಟಿದ್ದನ್ನ ತಿರುಗಿ ಮೊದಲಿಂದ ಓದಿದ್ಲು. ಪೈಪು ಒಂದನೇದು. ಓದಿ ಮುಗಿಸಿ, ಕಡೀ ಸಾಲಿನ ಕೆಳಗ ಉಳದ ಖಾಲಿ ಜಾಗಕ್ಕ ಅಡ್ಡ ಒಂದು ಗೀಟು ಎಳದು, ಆಮ್ಯಾಲ ಬುಕ್ಕು ಸಹಿಗೆ ಕೊಟ್ಲು. ಹಳೇ ಅಧ್ಯಕ್ಷರೂ ಹಾಕಿದ್ರು.

ನನಗ ಹೊಸಪೇಟಿಯಾಗ ಬ್ಯಾರೇಯವ್ರ ಟಿಪ್ಪರ್ ಸಿಕ್ತು. ಒಂದಿನ ಲೋಡ್ ಹಾಕ್ಕೊಂಡು ಬರ್ತಿದ್ದೆ, ಊರು ಇನ್ನೂ ದೂರ ಐತಿ ಅನ್ನೋವಾಗ ಮುಂದ ಎಲ್ಲಾ ಲಾರಿ ನಿಂತು ಬಿಟ್ಟಿದ್ವು. ಎಲ್ರೂ ಹಾರ್ನ್ ಹೊಡೀತಿದ್ರು. ನನಗೂ ತಡೀಲಿಲ್ಲ, ನಾನೂ ಹೊಡದೆ, ಕೈ ತಗೀಲಾರದಂಗ. ಕಡೀಕ ಇಳದು ಬೈಯಾಕಂತ ಮುಂದ ನಡ್ಕೋತ ಹೋದೆ.

ನಮ್ಮ ಕೇರಿ ಎದುರಿಗೆ ರೋಡು ಕಡದಿದ್ರು. ಪೈಪ್ ಇಳಸಾಕತ್ತಿದ್ರು. ಗುಂಡಿ ಅಂಚಿಗೆ ಅವ್ವ ಕುಂತಿದ್ಲು, ಒಳಗ ಬಗ್ಗಿ ನೋಡ್ಕೋತ.

"ಇನ್ನೂ ಎಷ್ಟೊತ್ತವ್ವ?" ಅಂದೆ.

"ಹಾರ್ನ್ ಹೊಡದಾಂವ ನೀನ ಹೌದಲ್ಲೋ?" ಅಂದ್ಲು. ತಿರುಗಿ ನೋಡಲಿಲ್ಲ. "ಬಾ, ಈ ತುದಿ ಹಿಡ್ಕೋ."